ಸೋತವರಿಗೆ ಮೊದಲ ಆಯ್ಕೆ

ಹಳ್ಳಿಯ ಬಯಲಿನಲ್ಲಿ ಕಬಡ್ಡಿಗೆ ನಿಲ್ಲುವ ಹುಡುಗರು ತಂಡ ವಿಂಗಡಿಸಿಕೊಳ್ಳುವ ಹಳೆಯ ಪದ್ಧತಿಯೊಂದಿದೆ. ಸರಿಸುಮಾರು ಸಮಬಲರಾದ ಇಬ್ಬರು ಜೋಡಿಯಾಗಿ ದೂರ ಹೋಗಿ, ಒಬ್ಬ ಹುಲಿ, ಇನ್ನೊಬ್ಬ ಸಿಂಹ ಎಂದು ಗುಟ್ಟಾಗಿ ಹೆಸರಿಟ್ಟುಕೊಂಡು ಬರುತ್ತಾರೆ. ನಾಯಕನೊಬ್ಬ ಹುಲಿ ಬೇಕೆಂದರೆ ಹುಲಿ ಅವನ ಪಾಲು, ಸಿಂಹ ಎದುರಾಳಿಯ ಪಾಲು. ಮರುಜೋಡಿಗೆ ಕೇಳುವ ಸರದಿ ಇನ್ನೊಬ್ಬ ನಾಯಕನದು. ಇದರ ಹಿಂದಿನ ವಿವೇಕ ಸರಳವಾದುದು. ಬಲವೆಲ್ಲ ಒಂದೇ ಕಡೆ ಸೇರಿದರೆ ಆಟವೇ ಉಳಿಯದು. ಗೆಲ್ಲುವವನಿಗೂ ತಕ್ಕ ಎದುರಾಳಿ ಬೇಕು.

ಇದೇ ವಿವೇಕವನ್ನು ಕಟ್ಟುನಿಟ್ಟಿನ ನಿಯಮಾವಳಿಯಾಗಿ ರೂಪಿಸಿಕೊಂಡಿರುವುದು, ಮಾರುಕಟ್ಟೆ ಸ್ವಾತಂತ್ರ್ಯದ ತವರೆಂದು ಹೇಳಿಕೊಳ್ಳುವ ಅಮೆರಿಕದ ವೃತ್ತಿಪರ ಫುಟ್‌ಬಾಲ್ ಎಂಬುದು ಕುತೂಹಲದ ಸಂಗತಿ. ಅದು ನಾವು ಕಾಲಿನಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ. ಅಂಡಾಕಾರದ ಚೆಂಡನ್ನು ಹಿಡಿದು ಓಡುವ, ಎಸೆಯುವ, ಎದುರಾಳಿಯನ್ನು ಕೆಡಹುವ ಆಟ. ಅಲ್ಲಿನ ರಾಷ್ಟ್ರೀಯ ಫುಟ್‌ಬಾಲ್ ಲೀಗ್‌ನ 32 ತಂಡಗಳು ಪ್ರತಿ ವರ್ಷ ಫೆಬ್ರುವರಿಯಿಂದ ಆಗಸ್ಟ್‌ವರೆಗಿನ ಬಿಡುವಿನಲ್ಲಿ ಮುಂದಿನ ಋತುವಿಗೆ ತಮ್ಮನ್ನು ಹೇಗೆ ಕಟ್ಟಿಕೊಳ್ಳುತ್ತವೆ ಎಂಬುದು ಕೇವಲ ಕ್ರೀಡಾಪುಟದ ವಿಷಯವಲ್ಲ. ಸೀಮಿತ ಹಣ, ಅನಿಶ್ಚಿತ ಪ್ರತಿಭೆ, ಹಿಂದುಳಿದವರಿಗೆ ಆದ್ಯತೆ - ಈ ಮೂರನ್ನೂ ಒಂದೇ ಯೋಜನೆಯಲ್ಲಿ ಹೊಂದಿಸುವ ಪಾಠ ಅದರಲ್ಲಿದೆ. ಆ ಪಾಠ ಬೆಂಗಳೂರಿನ ಫುಟ್‌ಬಾಲ್ ತಂಡಕ್ಕೆ ಅನ್ವಯಿಸುವಷ್ಟೇ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಶಾಲಾ ಮೈದಾನಗಳಿಗೂ ಅನ್ವಯಿಸುತ್ತದೆ ಎಂಬುದು ಈ ಲೇಖನದ ವಾದ.

ನಿಯಮದ ಮೂಲ 1935ರಲ್ಲಿದೆ. ಆಗ ಕಾಲೇಜಿನಿಂದ ಹೊರಬರುವ ಒಳ್ಳೆಯ ಆಟಗಾರ ಯಾರು ಹೆಚ್ಚು ಹಣ ಕೊಟ್ಟರೆ ಅವರ ತಂಡ ಸೇರುತ್ತಿದ್ದ. ಹಣವಿದ್ದ ತಂಡಗಳು ಗೆಲ್ಲುತ್ತಿದ್ದವು. ಗೆದ್ದದ್ದರಿಂದ ಇನ್ನಷ್ಟು ಹಣ ಗಳಿಸುತ್ತಿದ್ದವು. ಫಿಲಡೆಲ್ಫಿಯಾ ಈಗಲ್ಸ್ ಎಂಬ ಸೋಲುವ ತಂಡದ ಒಡೆಯ ಬರ್ಟ್ ಬೆಲ್ ಒಂದು ಸಲಹೆ ಮುಂದಿಟ್ಟರು: ಕಾಲೇಜು ಮುಗಿಸಿದ ಆಟಗಾರರ ಪಟ್ಟಿ ಮಾಡೋಣ, ಕಳೆದ ಋತುವಿನಲ್ಲಿ ಕೊನೆಯ ಸ್ಥಾನ ಪಡೆದ ತಂಡ ಮೊದಲು ಆರಿಸಲಿ, ಗೆದ್ದ ತಂಡ ಕೊನೆಗೆ ಆರಿಸಲಿ. ಶ್ರೀಮಂತ ತಂಡಗಳ ಒಡೆಯರೂ ಒಪ್ಪಿದರು. 1936ರ ಫೆಬ್ರುವರಿ 8ರಂದು ಮೊದಲ ಡ್ರಾಫ್ಟ್, ಅಂದರೆ ಸರದಿ ಆಯ್ಕೆ, ನಡೆಯಿತು. ಅಂದು ಮೊತ್ತಮೊದಲು ಆಯ್ಕೆಯಾದ ಶಿಕಾಗೊ ವಿಶ್ವವಿದ್ಯಾಲಯದ ಜೇ ಬರ್ವಾಂಗರ್ ವೃತ್ತಿಪರ ಫುಟ್‌ಬಾಲ್‌ನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಸಂಬಳದ ಮಾತು ಹೊಂದಾಣಿಕೆಯಾಗದೆ ಆತ ಬೇರೆ ಉದ್ಯೋಗ ಹಿಡಿದ. ಮೊದಲ ಆಯ್ಕೆಯ ಹಕ್ಕು ಸಿಕ್ಕಿತೆಂದ ಮಾತ್ರಕ್ಕೆ ಫಲವೂ ಸಿಕ್ಕಂತಲ್ಲ ಎಂಬ ಎಚ್ಚರಿಕೆ ಆ ವ್ಯವಸ್ಥೆಯ ಹುಟ್ಟಿನಲ್ಲೇ ಇತ್ತು.

ಸರದಿ ಆಯ್ಕೆಗೆ ಇನ್ನೊಂದು ಮುಖವೂ ಇದೆ. ತಾನು ಎಲ್ಲಿ ದುಡಿಯಬೇಕೆಂಬುದನ್ನು ದುಡಿಯುವವನೇ ನಿರ್ಧರಿಸುವ ಹಕ್ಕನ್ನು ಅದು ಕಿತ್ತುಕೊಳ್ಳುತ್ತದೆ. ಒಬ್ಬನೇ ಕೊಳ್ಳುವವನಿರುವ ಸಂತೆಯಲ್ಲಿ ರೈತನ ಪಾಡು ಏನಾಗುತ್ತದೆಂದು ನಮಗೆ ಗೊತ್ತು. ಬಹುಕಾಲ ಅಲ್ಲಿನ ಆಟಗಾರರ ಪಾಡೂ ಅದೇ ಆಗಿತ್ತು. ದೀರ್ಘ ನ್ಯಾಯಾಲಯ ಸಮರದ ನಂತರ 1993ರಲ್ಲಿ ಆಟಗಾರರಿಗೆ ಎರಡನೆಯ ಬಾಗಿಲು ತೆರೆಯಿತು. ಇಂದಿನ ನಿಯಮದಂತೆ ನಾಲ್ಕು ಋತು ಪೂರೈಸಿ ಒಪ್ಪಂದ ಮುಗಿಸಿದವನು ಮುಕ್ತ ಆಟಗಾರ. ಯಾವ ತಂಡದೊಡನೆ ಬೇಕಾದರೂ ಮಾತನಾಡಬಹುದು. ಆದರೆ ಬಾಗಿಲು ತೆರೆದ ಮರುವರ್ಷವೇ, 1994ರಲ್ಲಿ, ಲೀಗ್ ಎಲ್ಲ ತಂಡಗಳಿಗೂ ಸಮಾನವಾದ ವೇತನ ಮಿತಿ ಹಾಕಿತು. ಆ ವರ್ಷ ಒಂದು ತಂಡ ಆಟಗಾರರಿಗೆ ಕೊಡಬಹುದಾಗಿದ್ದ ಒಟ್ಟು ಸಂಬಳ 3.46 ಕೋಟಿ ಡಾಲರ್. 2025ರಲ್ಲಿ ಅದು 27.92 ಕೋಟಿ ಡಾಲರ್. ಮೊತ್ತ ಎಂಟು ಪಟ್ಟಾಯಿತು, ತತ್ವ ಬದಲಾಗಲಿಲ್ಲ: ನ್ಯೂಯಾರ್ಕಿನ ತಂಡಕ್ಕೂ, ವಿಸ್ಕಾನ್ಸಿನ್‌ನ ಚಿಕ್ಕ ಊರಾದ ಗ್ರೀನ್ ಬೇ ತಂಡಕ್ಕೂ ಒಂದೇ ಅಳತೆ.

ಹೀಗೆ ಹೊಸಬರಿಗೆ ಸರದಿ ಆಯ್ಕೆ, ಅನುಭವಿಗಳಿಗೆ ಮುಕ್ತ ಮಾರುಕಟ್ಟೆ, ಎರಡಕ್ಕೂ ಮೇಲೆ ಸಮಾನ ಮಿತಿ ಎಂಬ ಮೂರು ಕಂಬಗಳ ನಡುವೆ ತಂಡದ ವ್ಯವಸ್ಥಾಪಕ ತನ್ನ ಬಿಡುವಿನ ಅವಧಿಯ ಯೋಜನೆ ಹಾಕಬೇಕು. ಒಳ್ಳೆಯ ವ್ಯವಸ್ಥಾಪಕರು ಅನುಸರಿಸುವ ಕ್ರಮ ಗಮನಿಸುವಂತಿದೆ. ಮೊದಲ ಕೆಲಸ ಖರೀದಿಯಲ್ಲ, ಮನೆಯ ಲೆಕ್ಕ. ಯಾರ ಒಪ್ಪಂದ ಮುಗಿಯುತ್ತಿದೆ, ಯಾರ ಮಂಡಿ ಸವೆದಿದೆ, ಯಾವ ಸ್ಥಾನದಲ್ಲಿ ಎರಡನೆಯ ಆಟಗಾರನೇ ಇಲ್ಲ ಎಂದು ಬರೆದುಕೊಳ್ಳಬೇಕು. ತಂಡ ಬಿಟ್ಟುಹೋದವನಿಗೆ ಕೊಟ್ಟಿದ್ದ ಮುಂಗಡ ಹಣವೂ ಮಿತಿಯೊಳಗೇ ಲೆಕ್ಕಕ್ಕೆ ಬರುವುದರಿಂದ ಹಳೆಯ ದುಂದು ಹೊಸ ವರ್ಷವನ್ನೂ ಕಾಡುತ್ತದೆ. ಆಮೇಲೆ ತನ್ನವರಲ್ಲಿ ಉಳಿಸಿಕೊಳ್ಳಬೇಕಾದವರು ಯಾರೆಂಬ ತೀರ್ಮಾನ. ಹಾಗೆಯೇ ಬಿಟ್ಟುಕೊಡಲಾಗದ ಒಬ್ಬನನ್ನು ನಿಗದಿತ ಅಧಿಕ ವೇತನ ತೆತ್ತು ಒಂದು ವರ್ಷ ತಡೆದಿಡುವ ಅವಕಾಶವೂ ಇದೆ.

ಮಾರ್ಚ್ ಮಧ್ಯದಲ್ಲಿ ಮುಕ್ತ ಮಾರುಕಟ್ಟೆ ತೆರೆಯುತ್ತದೆ. ಮೊದಲ ಎರಡು ಮೂರು ದಿನಗಳಲ್ಲೇ ಭಾರಿ ಮೊತ್ತದ ಒಪ್ಪಂದಗಳು ಆಗಿಹೋಗುತ್ತವೆ. ಆಡಳಿತದ ಒಳಹೊರಗನ್ನು ಬಲ್ಲವರಿಗೆ ಮಾರ್ಚ್ ತಿಂಗಳ ಆತುರದ ಖರ್ಚೆಂದರೆ ಏನೆಂದು ವಿವರಿಸಬೇಕಿಲ್ಲ. ಎರಡೂ ಕಡೆ ರೋಗ ಒಂದೇ: ಅಗತ್ಯಕ್ಕಿಂತ ಗಡುವು ಮುಖ್ಯವಾಗುತ್ತದೆ. ಜಾಣ ತಂಡಗಳು ಮೊದಲ ಅಲೆ ಇಳಿಯುವವರೆಗೆ ಕಾದು, ಸಾಧಾರಣ ಬೆಲೆಯ ಭರವಸೆಯ ಆಟಗಾರರಿಂದ ತಮ್ಮ ದೊಡ್ಡ ತೂತುಗಳನ್ನು ಮುಚ್ಚಿಕೊಳ್ಳುತ್ತವೆ. ಇದರ ಉದ್ದೇಶ ಏಪ್ರಿಲ್ ಕೊನೆಯ ಸರದಿ ಆಯ್ಕೆಗೆ ನಿರಾಳವಾಗಿ ಹೋಗುವುದು. ಹಸಿದು ಸಂತೆಗೆ ಹೋದವನು ಕಂಡದ್ದನ್ನೆಲ್ಲ ಕೊಳ್ಳುತ್ತಾನೆ; ಹೊಟ್ಟೆ ತಣ್ಣಗಿದ್ದವನು ಒಳ್ಳೆಯದನ್ನು ಆರಿಸುತ್ತಾನೆ. ಏಳು ಸುತ್ತುಗಳ ಆಯ್ಕೆಯಲ್ಲಿ ಬಂದ ಹೊಸಬರು ನಾಲ್ಕು ವರ್ಷ ನಿಗದಿತ ಕಡಿಮೆ ಸಂಬಳಕ್ಕೆ ಆಡುತ್ತಾರೆ. ಉಳಿತಾಯವಾದ ಆ ಹಣವೇ ಅನುಭವಿಗಳನ್ನು ಉಳಿಸಿಕೊಳ್ಳಲು ಆಧಾರ. ಜುಲೈ ಕೊನೆಗೆ ಶಿಬಿರಕ್ಕೆ 90 ಜನ ಬರುತ್ತಾರೆ. ಆಗಸ್ಟ್ ಮುಗಿಯುವಷ್ಟರಲ್ಲಿ ಪಟ್ಟಿ 53ಕ್ಕೆ ಇಳಿಯಬೇಕು.

ಈ ವ್ಯವಸ್ಥೆಯಲ್ಲಿ ನಮ್ಮ ಗಮನಕ್ಕೆ ಅರ್ಹವಾದ ಇನ್ನೊಂದು ಸಣ್ಣ ನಿಯಮವಿದೆ. ಮುಕ್ತ ಮಾರುಕಟ್ಟೆಯಲ್ಲಿ ಗಳಿಸಿದ್ದಕ್ಕಿಂತ ಹೆಚ್ಚು ಆಟಗಾರರನ್ನು ಕಳೆದುಕೊಂಡ ತಂಡಕ್ಕೆ ಮುಂದಿನ ವರ್ಷದ ಸರದಿಯಲ್ಲಿ ಪರಿಹಾರವಾಗಿ ಹೆಚ್ಚುವರಿ ಆಯ್ಕೆಗಳು ದೊರೆಯುತ್ತವೆ. ಬೆಳೆಸಿದವರು ಬರಿಗೈಯಲ್ಲಿ ಉಳಿಯಬಾರದೆಂಬ ನ್ಯಾಯ ಅದು. ಜಗತ್ತಿನ ಫುಟ್‌ಬಾಲ್ ಆಡಳಿತ ಸಂಸ್ಥೆ ಫಿಫಾದ ನಿಯಮಗಳಲ್ಲೂ ಇಂಥದೇ ಒಂದು ಅಂಶವಿದೆ. ಆಟಗಾರನೊಬ್ಬ ಹಣ ಪಡೆದು ದೇಶಾಂತರ ವರ್ಗಾವಣೆಯಾದಾಗ ಆ ಮೊತ್ತದ ಶೇ 5ರಷ್ಟನ್ನು, 12ರಿಂದ 23ನೇ ವಯಸ್ಸಿನವರೆಗೆ ಅವನಿಗೆ ತರಬೇತಿ ಕೊಟ್ಟ ಕ್ಲಬ್ಬುಗಳಿಗೆ ಹಂಚಬೇಕು.

ಇಷ್ಟೆಲ್ಲ ಲೆಕ್ಕಾಚಾರದ ನಂತರವೂ ಆಯ್ಕೆ ಎಷ್ಟು ನಿಖರ? ಯಾರು ಉತ್ತಮರಾಗುತ್ತಾರೆಂದು ಅಮೆರಿಕದ ಪರಿಣತರು ತಿಂಗಳುಗಟ್ಟಲೆ ನುಡಿಯುವ ಭವಿಷ್ಯ ಒಂದು ಬಗೆಯಲ್ಲಿ ನಮ್ಮ ಹಡಗಲಿ ತಾಲ್ಲೂಕಿನ ಮೈಲಾರದ ಕಾರ್ಣಿಕದಂತೆ. ನುಡಿ ಒಂದು, ಅರ್ಥ ಹಚ್ಚುವವರು ನೂರು, ಫಲ ತಿಳಿಯುವುದು ವರ್ಷ ಕಳೆದ ಮೇಲೆ. 2000ದ ಸರದಿಯಲ್ಲಿ 198 ಮಂದಿಯನ್ನು ಆರಿಸಿದ ಮೇಲೆ 199ನೆಯವನಾಗಿ ಆಯ್ಕೆಯಾದ ಟಾಮ್ ಬ್ರಾಡಿ ಮುಂದೆ ಏಳು ಬಾರಿ ಚಾಂಪಿಯನ್ ತಂಡದಲ್ಲಿದ್ದ. ಇತ್ತ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡಕ್ಕೆ 2017 ಮತ್ತು 2018ರಲ್ಲಿ ಸತತವಾಗಿ ಮೊದಲ ಆಯ್ಕೆಯ ಹಕ್ಕು ಸಿಕ್ಕಿತು. ನಡುವಿನ ಋತುವಿನಲ್ಲಿ ಅದು ಆಡಿದ 16 ಪಂದ್ಯಗಳಲ್ಲಿ 16ನ್ನೂ ಸೋತಿತ್ತು.

ಅರ್ಥಶಾಸ್ತ್ರಜ್ಞರು ಇದನ್ನು ತೂಗಿ ನೋಡಿದ್ದಾರೆ. ಮುಂದೆ 2017ರಲ್ಲಿ ನೊಬೆಲ್ ಪಡೆದ ರಿಚರ್ಡ್ ಥೇಲರ್ ಮತ್ತು ಕೇಡ್ ಮ್ಯಾಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಸಾರ ಇಷ್ಟು: ಒಂದೇ ಸ್ಥಾನಕ್ಕೆ ಮೊದಲು ಆಯ್ಕೆಯಾದವನು ಅವನ ನಂತರ ಆಯ್ಕೆಯಾದವನಿಗಿಂತ ಉತ್ತಮನಾಗುವ ಸಾಧ್ಯತೆ ನಾಣ್ಯ ಚಿಮ್ಮಿದಷ್ಟಕ್ಕಿಂತ ಸ್ವಲ್ಪವೇ ಹೆಚ್ಚು. ಆದರೂ ತಂಡಗಳು ಮೊದಲ ಆಯ್ಕೆಗೆ ವಿಪರೀತ ಬೆಲೆ ತೆರುತ್ತವೆ. ಕೊಟ್ಟ ಹಣಕ್ಕೆ ಅತಿಹೆಚ್ಚು ಆದಾಯ ಬಂದದ್ದು ಎರಡನೆಯ ಸುತ್ತಿನ ಆಸುಪಾಸಿನ ಆಯ್ಕೆಗಳಿಂದ. 2011ರ ನಂತರ ಹೊಸಬರ ಸಂಬಳಕ್ಕೆ ಬಿಗಿ ಮಿತಿ ಬಂದು ಮೊದಲ ಆಯ್ಕೆಯ ಹೊರೆ ತಗ್ಗಿದೆ. ಆದರೂ ಮೂಲಪಾಠ ಹಾಗೆಯೇ ಉಳಿದಿದೆ: ಮೇಲಿನ ಒಂದು ಆಯ್ಕೆಯನ್ನು ಬಿಟ್ಟುಕೊಟ್ಟು ಕೆಳಗಿನ ಮೂರು ನಾಲ್ಕು ಆಯ್ಕೆ ಪಡೆಯುವುದು ಬಹುಪಾಲು ಲಾಭದ ವ್ಯವಹಾರ. ಯಾರು ಬೆಳೆಯುತ್ತಾರೆಂದು ಮೊದಲೇ ಗೊತ್ತಿಲ್ಲದಿದ್ದಾಗ ಬೀಜವನ್ನು ಒಂದೇ ಮಡಿಯಲ್ಲಿ ಸುರಿಯಬಾರದು.

ಹರಾಜಿನಲ್ಲಿ ಈ ಅಪಾಯ ಇಮ್ಮಡಿಯಾಗುತ್ತದೆ. ಹರಾಜಿನಲ್ಲಿ ಗೆಲ್ಲುವವನು ಸಾಮಾನ್ಯವಾಗಿ ವಸ್ತುವಿನ ಬೆಲೆಯನ್ನು ಅತಿಯಾಗಿ ಅಂದಾಜು ಮಾಡಿದವನೇ ಆಗಿರುತ್ತಾನೆ. ಅರ್ಥಶಾಸ್ತ್ರದಲ್ಲಿ ಇದಕ್ಕೆ ಗೆದ್ದವನ ಶಾಪ ಎಂದೇ ಹೆಸರು. ನಮ್ಮ ಕಬಡ್ಡಿಯಲ್ಲಿ ಇದಕ್ಕೆ ಉದಾಹರಣೆಗಳಿವೆ. 2022ರ ಪ್ರೊ ಕಬಡ್ಡಿ ಹರಾಜಿನಲ್ಲಿ ತಮಿಳ್ ತಲೈವಾಸ್ 2.26 ಕೋಟಿ ರೂಪಾಯಿಗೆ ಪವನ್ ಸೆಹ್ರಾವತ್‌ರನ್ನು ಕೊಂಡಿತು. ಮೊದಲ ಪಂದ್ಯದಲ್ಲೇ ಗಾಯಗೊಂಡ ಅವರು ಇಡೀ ಋತು ಹೊರಗುಳಿದರು. ಅವರಿಲ್ಲದೆಯೇ ಆ ತಂಡ ಸೆಮಿಫೈನಲ್ ತಲುಪಿತು. ಮರುವರ್ಷ ತೆಲುಗು ಟೈಟನ್ಸ್ ಅದೇ ಆಟಗಾರನಿಗೆ 2.605 ಕೋಟಿ ತೆತ್ತು ಕೊನೆಯ ಸ್ಥಾನದಲ್ಲಿ ಉಳಿಯಿತು. ಆಟಗಾರನ ಯೋಗ್ಯತೆಯಲ್ಲಿ ಕೊರತೆಯಿರಲಿಲ್ಲ. ಬೆಂಗಳೂರು ಬುಲ್ಸ್ 2019ರ ಜನವರಿಯಲ್ಲಿ ಪ್ರಶಸ್ತಿ ಗೆದ್ದಾಗ ಫೈನಲ್‌ನ 38 ಅಂಕಗಳಲ್ಲಿ 22ನ್ನು ತಂದವರು ಇದೇ ಸೆಹ್ರಾವತ್. ಏಳು ಜನ ಆಡುವ ಆಟದಲ್ಲಿ ಒಬ್ಬನ ಮೇಲೆ ಅರ್ಧ ಗಂಟು ಸುರಿದದ್ದೇ ಕೊರತೆ.

ಇದಕ್ಕೆ ವ್ಯತಿರಿಕ್ತ ಉದಾಹರಣೆ ನಮ್ಮ ರಾಜಧಾನಿಯ ಕ್ರಿಕೆಟ್ ತಂಡದ್ದು. 2024ರ ನವೆಂಬರ್‌ನ ಐಪಿಎಲ್ ಮಹಾ ಹರಾಜಿಗೆ ರಾಯಲ್ ಚಾಲೆಂಜರ್ಸ್ ಬೆಂಗಳೂರು ಕೇವಲ ಮೂವರನ್ನು ಉಳಿಸಿಕೊಂಡು, 120 ಕೋಟಿಯ ಮಿತಿಯಲ್ಲಿ 83 ಕೋಟಿ ಕೈಯಲ್ಲಿಟ್ಟುಕೊಂಡು ಹೋಯಿತು. ಆ ಹರಾಜಿನಲ್ಲಿ ಲಖನೌ ತಂಡ ರಿಷಭ್ ಪಂತ್‌ಗೆ ಕೊಟ್ಟ ಬೆಲೆ 27 ಕೋಟಿ. ಬೆಂಗಳೂರಿನ ಅತಿ ದುಬಾರಿ ಖರೀದಿ ಜೋಶ್ ಹೇಜಲ್‌ವುಡ್‌ಗೆ 12.5 ಕೋಟಿ. ತಾರೆಗಳ ಬೆನ್ನು ಹತ್ತದೆ ಪ್ರತಿ ಸ್ಥಾನಕ್ಕೂ ತಕ್ಕವರನ್ನು ಹುಡುಕಿದ್ದರಿಂದ ಹಳೆಯ ಅಭಿಮಾನಿಗಳು ಅಂದು ಮುನಿಸಿಕೊಂಡದ್ದುಂಟು. 2025ರ ಜೂನ್ 3ರಂದು, 18ನೆಯ ಪ್ರಯತ್ನದಲ್ಲಿ, ಆ ತಂಡ ಮೊದಲ ಬಾರಿಗೆ ಪ್ರಶಸ್ತಿ ಗೆದ್ದಿತು. ಫೈನಲ್‌ನ ಶ್ರೇಷ್ಠ ಆಟಗಾರನಾದ ಕೃಣಾಲ್ ಪಾಂಡ್ಯರ ಹರಾಜು ಬೆಲೆ 5.75 ಕೋಟಿ.

ಫುಟ್‌ಬಾಲ್‌ನಲ್ಲಿ, ಅಮೆರಿಕದ ಮಾದರಿಗೆ ಅತಿ ಸಮೀಪ ಬಂದ ಪ್ರಯೋಗ ನಮ್ಮಲ್ಲಿ ನಡೆದದ್ದು 2017ರಲ್ಲಿ. ಎರಡು ಬಾರಿ ಐ-ಲೀಗ್ ಗೆದ್ದಿದ್ದ ಬೆಂಗಳೂರು ಎಫ್‌ಸಿ ಆ ವರ್ಷ ಇಂಡಿಯನ್ ಸೂಪರ್ ಲೀಗ್ ಸೇರಿತು. ಸೇರ್ಪಡೆಯ ಬೆಲೆ ದುಬಾರಿಯಾಗಿತ್ತು. ಭಾರತೀಯ ಆಟಗಾರರಲ್ಲಿ ಇಬ್ಬರು ಹಿರಿಯರನ್ನೂ 21 ವರ್ಷದೊಳಗಿನ ಮೂವರನ್ನೂ ಮಾತ್ರ ಉಳಿಸಿಕೊಳ್ಳಬಹುದಾಗಿತ್ತು. ಕಟ್ಟಿ ಬೆಳೆಸಿದ ತಂಡವನ್ನು ಒಂದೇ ಬೇಸಿಗೆಯಲ್ಲಿ ಬಿಚ್ಚಿ ಮತ್ತೆ ಹೊಲಿಯಬೇಕಾಯಿತು. ಹಿರಿಯರಲ್ಲಿ ಸುನಿಲ್ ಚೆಟ್ರಿ, ಉದಾಂತ ಸಿಂಗ್ ಉಳಿದರು. ತಂಡದ ಹಿಂದಿನ ಯಶಸ್ಸಿನಲ್ಲಿ ಪಾಲುಗೊಂಡಿದ್ದ ಯೂಜೀನ್‌ಸನ್ ಲಿಂಗ್ಡೊ ಜುಲೈ 23ರ ಸರದಿ ಆಯ್ಕೆಯಲ್ಲಿ 1.10 ಕೋಟಿಗೆ ಕೋಲ್ಕತ್ತಕ್ಕೆ ಹೋದರು. ಯಾರನ್ನೂ ಉಳಿಸಿಕೊಳ್ಳಲು ಇರದ ಹೊಸ ತಂಡ ಜಮ್‌ಷೆಡ್‌ಪುರ ಮೊದಲ ಸರದಿಯಲ್ಲೇ ಅಷ್ಟೇ ಬೆಲೆಯ ರಕ್ಷಣಾ ಆಟಗಾರ ಅನಸ್ ಎಡತೊಡಿಕರನ್ನು ಆರಿಸಿತು.

ಬೆಂಗಳೂರಿನವರು ಅನುಸರಿಸಿದ್ದು ಮೇಲೆ ಹೇಳಿದ ಕ್ರಮವನ್ನೇ. ಮೊದಲು ಬೆನ್ನೆಲುಬನ್ನು ಉಳಿಸಿಕೊಂಡರು. ಮಿಕು, ಡಿಮಾಸ್ ಡೆಲ್ಗಾಡೊ, ಎರಿಕ್ ಪಾರ್ತಾಲು ಮುಂತಾದ ಅನುಭವಿ ವಿದೇಶಿಯರಿಂದ ದೊಡ್ಡ ತೂತುಗಳನ್ನು ಮುಚ್ಚಿದರು. ಸರದಿ ಆಯ್ಕೆಯಲ್ಲಿ ಅಬ್ಬರವಿಲ್ಲದ ಹೆಸರುಗಳನ್ನು ಹೆಕ್ಕಿದರು. ಆ ಹೆಸರುಗಳಲ್ಲಿ ರಾಹುಲ್ ಭೆಕೆ ಎಂಬ ರಕ್ಷಣಾ ಆಟಗಾರನೂ ಇದ್ದ. ಮೊದಲ ಋತುವಿನಲ್ಲೇ ತಂಡ 18 ಪಂದ್ಯಗಳಲ್ಲಿ 40 ಅಂಕ ಗಳಿಸಿ ಪಟ್ಟಿಯ ತುದಿಯಲ್ಲಿ ನಿಂತಿತು; ಕಂಠೀರವದಲ್ಲಿ ನಡೆದ ಫೈನಲ್‌ನಲ್ಲಿ ಚೆನ್ನೈಗೆ 2-3ರಿಂದ ಸೋತಿತು. ಸರಿಯಾಗಿ ಒಂದು ವರ್ಷದ ಬಳಿಕ, 2019ರ ಮಾರ್ಚ್ 17ರಂದು ಮುಂಬೈಯಲ್ಲಿ, ಗೋವಾ ವಿರುದ್ಧದ ಫೈನಲ್ ಹೆಚ್ಚುವರಿ ಅವಧಿಗೆ ಎಳೆದಾಗ 117ನೆಯ ನಿಮಿಷದಲ್ಲಿ ತಲೆಯಿಂದ ಗೋಲು ಹೊಡೆದು ಪ್ರಶಸ್ತಿ ತಂದವನು ಅದೇ ಭೆಕೆ. ಸರದಿ ಆಯ್ಕೆಯ ಫಲ ಎರಡನೆಯ ವರ್ಷ ಕೈಗೆ ಬಂದಿತು.

ಆದರೆ ಭಾರತದಲ್ಲಿ ಆ ಪದ್ಧತಿ ಮುಂದುವರಿಯಲಿಲ್ಲ. 2017ರ ನಂತರ ತಂಡಗಳು ನೇರ ಒಪ್ಪಂದಕ್ಕೆ ಮರಳಿದವು. ಅದಕ್ಕೆ ಕಾರಣ ಹುಡುಕುವುದು ಕಷ್ಟವಲ್ಲ. ಅಮೆರಿಕದಲ್ಲಿ ಸರದಿ ಆಯ್ಕೆಯ ಹಿಂದೆ ಪ್ರೌಢಶಾಲೆ, ಕಾಲೇಜುಗಳೆಂಬ ವಿಶಾಲವಾದ ಸಸಿಮಡಿಯಿದೆ. ವೃತ್ತಿಪರ ತಂಡಗಳ ಹಣವಿಲ್ಲದೆ ಅದು ಪ್ರತಿ ವರ್ಷ ಸಾವಿರಾರು ಆಟಗಾರರನ್ನು ಬೆಳೆಸಿ ತರುತ್ತದೆ. ಅವರಲ್ಲಿ ಸುಮಾರು 250 ಮಂದಿಯನ್ನು ಆರಿಸುತ್ತಾರೆ. ನಮ್ಮಲ್ಲಿ ಆಯ್ಕೆಯ ಸಭಾಂಗಣ, ದೀಪಾಲಂಕಾರ, ದೂರದರ್ಶನದ ನೇರ ಪ್ರಸಾರ ಎಲ್ಲವೂ ಬಂದವು. ಸಸಿಮಡಿ ಮಾತ್ರ ಬರಲಿಲ್ಲ. ಇರುವ ಕೆಲವೇ ನೂರು ಜನರನ್ನು ಹತ್ತು ತಂಡಗಳು ಮತ್ತೆ ಮತ್ತೆ ಹಂಚಿಕೊಂಡರೆ ಬೆಲೆ ಏರುತ್ತದೆಯೇ ಹೊರತು ಆಟ ಬೆಳೆಯುವುದಿಲ್ಲ. ಲೀಗಿನ ಹಕ್ಕುಗಳ ಒಪ್ಪಂದ ಅನಿಶ್ಚಿತವಾದ 2025ರಲ್ಲಿ ಋತುವೇ ಸಕಾಲಕ್ಕೆ ಆರಂಭವಾಗಲಿಲ್ಲ. ಆ ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯಿತು. ತಳಪಾಯ ಕಿರಿದಾದ ಕಟ್ಟಡದಲ್ಲಿ ಒಂದು ಕಂಬ ಅಲುಗಿದರೂ ಮಾಳಿಗೆ ನಡುಗುತ್ತದೆ.

ಸಸಿಮಡಿಯ ಪ್ರಶ್ನೆ ನಮ್ಮನ್ನು ವಿಜಯನಗರ ಜಿಲ್ಲೆಗೆ ಕರೆತರುತ್ತದೆ. 2021ರಲ್ಲಿ ರೂಪುಗೊಂಡ ಈ ಜಿಲ್ಲೆಯ ಆರು ತಾಲ್ಲೂಕುಗಳಲ್ಲಿ ಹೊಸಪೇಟೆಗೆ ಅಣೆಕಟ್ಟು, ರೈಲು, ಹಂಪಿಯ ಪ್ರವಾಸೋದ್ಯಮಗಳ ಬಲವಿದೆ. ಉಳಿದ ಐದು ಬಹುಪಾಲು ಮಳೆಯಾಶ್ರಿತ ಬೇಸಾಯದ ನಾಡು. ಹಡಗಲಿಯ ಮಲ್ಲಿಗೆ, ಕೊಟ್ಟೂರಿನ ತೇರು ಹೆಸರಾಗಿವೆ. ಮಳೆ ಕೈಕೊಟ್ಟ ವರ್ಷ ಕೂಡ್ಲಿಗಿ, ಹರಪನಹಳ್ಳಿಯ ಹಳ್ಳಿ, ತಾಂಡಾಗಳಿಂದ ಕೂಲಿ ಹುಡುಕಿ ವಲಸೆ ಹೋಗುವುದೂ ಅಷ್ಟೇ ಹೆಸರಾಗಿದೆ. ತಂದೆತಾಯಿಯರೊಡನೆ ಹೊರಡುವ ಹತ್ತು ಹನ್ನೆರಡು ವರ್ಷದ ಮಗುವಿನ ಓಟವನ್ನು ಅಳೆಯುವವರು ಯಾರೂ ಇರುವುದಿಲ್ಲ.

ಸೋತವರಿಗೆ ಮೊದಲ ಆಯ್ಕೆ ಎಂಬ ತತ್ವ ಈ ನಾಡಿಗೆ ಹೊಸದಲ್ಲ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ ಆಗಿನ 175 ತಾಲ್ಲೂಕುಗಳನ್ನು ಸೂಚ್ಯಂಕದ ಮೂಲಕ ಅಳೆದು 114 ಹಿಂದುಳಿದಿವೆಯೆಂದೂ ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆಯೆಂದೂ ಹೇಳಿತು; ಹೆಚ್ಚು ಹಿಂದುಳಿದವರಿಗೆ ಹೆಚ್ಚು ಹಣ ಎಂದು ಶಿಫಾರಸು ಮಾಡಿತು. ಸಂವಿಧಾನದ 371(ಜೆ) ವಿಧಿ 2013ರಲ್ಲಿ ಜಾರಿಗೆ ಬಂದಾಗ ಶಿಕ್ಷಣ, ಉದ್ಯೋಗಗಳಲ್ಲಿ ಕಲ್ಯಾಣ ಕರ್ನಾಟಕದವರಿಗೆ ಮೀಸಲು ದೊರೆಯಿತು. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿದ್ದ ಹರಪನಹಳ್ಳಿ, ಹಿಂದುಳಿದಿರುವಿಕೆಯಲ್ಲಿ ಯಾರಿಗೂ ಕಡಿಮೆಯಿರದಿದ್ದರೂ, ಪಟ್ಟಿಯಿಂದ ಹೊರಗುಳಿಯಿತು. ದೀರ್ಘ ಹೋರಾಟದ ನಂತರ 2018ರಲ್ಲಿ ಅದನ್ನು ಬಳ್ಳಾರಿಗೆ ಮರಳಿಸುವ ತೀರ್ಮಾನವಾಯಿತು. ಆಯ್ಕೆಯ ಪಟ್ಟಿಯಲ್ಲಿ ಹೆಸರಿರುವುದು ಎಂಥ ದೊಡ್ಡ ವಿಷಯವೆಂಬುದನ್ನು ಹರಪನಹಳ್ಳಿಯವರಿಗಿಂತ ಚೆನ್ನಾಗಿ ಬಲ್ಲವರಿಲ್ಲ.

ಹೀಗೆ ಮೊದಲ ಆಯ್ಕೆಯ ಹಕ್ಕು ನೀತಿಯಲ್ಲಿ ಬಂದಿದೆ. ಅದನ್ನು ಬಳಸುವ ಬಗೆ ಹೇಗೆ ಎಂಬುದೀಗ ಪ್ರಶ್ನೆ. ಕ್ರೀಡೆಯ ಮಟ್ಟಿಗೆ ನಮ್ಮ ಆಡಳಿತದ ಒಲವು ಯಾವಾಗಲೂ ದೊಡ್ಡ ಆಯ್ಕೆಯ ಕಡೆಗೆ: ಜಿಲ್ಲಾ ಕೇಂದ್ರದಲ್ಲಿ ಒಂದು ಭವ್ಯ ಕ್ರೀಡಾಂಗಣ, ಒಂದು ಸಿಂಥೆಟಿಕ್ ಟ್ರ್ಯಾಕ್, ಒಂದು ಶಿಲಾಫಲಕ. ಅದಕ್ಕೆ ಅಂದಾಜು ಪಟ್ಟಿ ಸಿದ್ಧಪಡಿಸುವುದು ಸುಲಭ, ಮಾರ್ಚ್ 31ರೊಳಗೆ ಹಣ ಬಿಡುಗಡೆ ಮಾಡುವುದೂ ಸುಲಭ. ಆದರೆ ಹರಪನಹಳ್ಳಿಯ ಗಡಿಯ ಹಳ್ಳಿಯಿಂದ ಹೊಸಪೇಟೆಗೆ ದಿನವೂ ಅಭ್ಯಾಸಕ್ಕೆ ಹೋಗಿಬರುವ ಬಾಲಕಿ ಯಾರು? ಥೇಲರ್ ಮತ್ತು ಮ್ಯಾಸಿಯವರ ಲೆಕ್ಕ ಇಲ್ಲಿ ನೇರವಾಗಿ ಅನ್ವಯಿಸುತ್ತದೆ. ದೊಡ್ಡ ಒಂದನ್ನು ಬಿಟ್ಟುಕೊಟ್ಟು ಸಣ್ಣ ಹಲವನ್ನು ಪಡೆಯಬೇಕು. ಐದು ತಾಲ್ಲೂಕುಗಳ ಪ್ರತಿ ಪ್ರೌಢಶಾಲೆಗೂ ಒಬ್ಬ ದೈಹಿಕ ಶಿಕ್ಷಕ, ಸಮತಟ್ಟಾದ ಒಂದು ಮೈದಾನ, ಹೋಬಳಿಗೊಂದು ಕಬಡ್ಡಿ ಮ್ಯಾಟ್, ಸಂಜೆಯ ಅಭ್ಯಾಸಕ್ಕೆ ಮೊಟ್ಟೆ, ಹಾಲು: ಇವು ಎರಡನೆಯ ಸುತ್ತಿನ ಆಯ್ಕೆಗಳು. ಫೋಟೊಕ್ಕೆ ಒಗ್ಗುವುದಿಲ್ಲ, ಫಲ ಕೊಡುತ್ತವೆ.

ಇದು ಕೇವಲ ಊಹೆಯಲ್ಲ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿದ್ದ ಬಿ. ಚೈತ್ರಾ ತಿ. ನರಸೀಪುರ ತಾಲ್ಲೂಕಿನ ಕುರುಬೂರು ಎಂಬ ಹಳ್ಳಿಯವರು. ಅಂಥ ಹಳ್ಳಿಯಿಂದ ವಿಶ್ವಕಪ್ ತಂಡಕ್ಕೆ ದಾರಿ ಮಾಡುವುದು ಭವ್ಯ ಕ್ರೀಡಾಂಗಣವಲ್ಲ. ಶಾಲೆಯ ಮೈದಾನ ಮತ್ತು ಅಲ್ಲಿ ಸಂಜೆ ನಿಲ್ಲುವ ಒಬ್ಬ ಗುರು. ಹಾಗಿದ್ದೂ 2022ರಲ್ಲಿ ಸರದಿ ಆಯ್ಕೆಯ ಮೂಲಕವೇ ಆರಂಭವಾದ ಅಲ್ಟಿಮೇಟ್ ಖೋ ಖೋ ಲೀಗಿನ ಆರು ತಂಡಗಳಲ್ಲಿ ಕರ್ನಾಟಕದ್ದೊಂದೂ ಇರಲಿಲ್ಲ. ಇದ್ದ ಪ್ರತಿಭೆಗೆ ನಾವು ಪೀಠವನ್ನೇ ಹಾಕಲಿಲ್ಲ.

ಎರಡನೆಯ ಪಾಠ ಉಳಿಸಿಕೊಳ್ಳುವಿಕೆಯದು. ಬೆಂಗಳೂರೆಂಬುದು ವೇತನ ಮಿತಿಯಿಲ್ಲದ ತಂಡ. ಐದು ತಾಲ್ಲೂಕುಗಳಲ್ಲಿ ಚಿಗುರುವ ಶಿಕ್ಷಕ, ತರಬೇತುದಾರ, ಆಟಗಾರ ಎಲ್ಲರನ್ನೂ ಅದು ಒಪ್ಪಂದ ಮುಗಿದ ಕೂಡಲೇ ಸೆಳೆದುಕೊಳ್ಳುತ್ತದೆ. ಹೋಗುವವರನ್ನು ತಡೆಯುವುದು ನ್ಯಾಯವಲ್ಲ. ಅದು ಅವರ ಹಕ್ಕು. ಆದರೆ ಕಳೆದುಕೊಂಡವರಿಗೆ ಪರಿಹಾರವಿರಬೇಕು. ಸರ್ಕಾರಿ ಶಾಲೆಯೊಂದು ಒಬ್ಬ ಬಾಲಕನನ್ನು ರಾಜ್ಯದ ಕ್ರೀಡಾ ವಸತಿ ನಿಲಯಕ್ಕೆ ಕಳುಹಿಸಿಕೊಟ್ಟರೆ ಆ ಶಾಲೆಗೆ ಪ್ರತಿ ವರ್ಷ ಕ್ರೀಡಾ ಸಾಮಗ್ರಿಯ ಅನುದಾನ ಬರಲಿ. ಬೆಳೆಸಿದ ಶಿಕ್ಷಕನ ಸೇವಾ ದಾಖಲೆಯಲ್ಲಿ ಅದು ದಾಖಲಾಗಲಿ. ಇಂದು ಚಪ್ಪಾಳೆಯೆಲ್ಲ ಕೊನೆಯ ತರಬೇತುದಾರನ ಪಾಲಾಗುತ್ತದೆ, ಮೊದಲನೆಯವನ ಹೆಸರೂ ಉಳಿಯುವುದಿಲ್ಲ.

ಮೂರನೆಯದು ಪಟ್ಟಿಯ ಪ್ರಶ್ನೆ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ತನ್ನ ಕ್ರೀಡಾ ಶಾಲೆ, ವಸತಿ ನಿಲಯಗಳಿಗೆ ಓಟ, ಜಿಗಿತ, ಎಸೆತಗಳ ಪರೀಕ್ಷೆ ನಡೆಸಿ ಮಕ್ಕಳನ್ನು ಆರಿಸುತ್ತದೆ. ಪ್ರಕಟಣೆ ಸಕಾಲಕ್ಕೆ ಮುಟ್ಟುವ, ಕರೆದುಕೊಂಡು ಹೋಗಲು ಯಾರಾದರೂ ಇರುವ ಊರಿನ ಮಕ್ಕಳು ಬರುತ್ತಾರೆ. ಇದನ್ನು ತಲೆಕೆಳಗು ಮಾಡಲು ಹೆಚ್ಚು ಹಣ ಬೇಕಿಲ್ಲ. ಹತ್ತರಿಂದ ಹದಿನಾಲ್ಕು ವರ್ಷದ ಪ್ರತಿ ಮಗುವಿನ ಎತ್ತರ, ಓಟ, ಜಿಗಿತಗಳನ್ನು ಶಾಲೆಯಲ್ಲೇ ವರ್ಷಕ್ಕೆ ಎರಡು ಬಾರಿ ಅಳೆದು ತಾಲ್ಲೂಕಿನ ದಫ್ತರದಲ್ಲಿ ಇಡಬಹುದು. ಪ್ರವೇಶದ ಸೀಟುಗಳನ್ನು ಸುತ್ತುಗಳಾಗಿ ವಿಂಗಡಿಸಿ, ನಂಜುಂಡಪ್ಪ ಸೂಚ್ಯಂಕದಲ್ಲಿ ಅತಿ ಹಿಂದಿರುವ ತಾಲ್ಲೂಕಿಗೆ ಪ್ರತಿ ಸುತ್ತಿನಲ್ಲಿ ಮೊದಲ ಸರದಿ ಕೊಡಬಹುದು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ತನ್ನ ಅನುದಾನವನ್ನು ಅದೇ ಸೂಚ್ಯಂಕದ ಆಧಾರದ ಮೇಲೆ ಹಂಚುತ್ತಿರುವಾಗ ಕ್ರೀಡಾ ಸೀಟುಗಳಿಗೆ ಅದು ಏಕೆ ಸಲ್ಲದು?

ಇದರಿಂದ ಗುಣಮಟ್ಟ ಕುಸಿಯುತ್ತದೆಂಬ ಆಕ್ಷೇಪ ಬರುವುದು ಸಹಜ. ಕನಿಷ್ಠ ಅರ್ಹತೆಯ ಗೆರೆಯನ್ನು ಎಲ್ಲರಿಗೂ ಒಂದೇ ಇಟ್ಟು, ಅದನ್ನು ದಾಟಿದವರೊಳಗೆ ಮಾತ್ರ ಸರದಿ ನಡೆಸಿದರೆ ಆ ಭಯಕ್ಕೆ ಕಾರಣವಿಲ್ಲ. ಹನ್ನೆರಡನೆಯ ವಯಸ್ಸಿನಲ್ಲಿ ಹತ್ತನೆಯ ಮತ್ತು ಇಪ್ಪತ್ತನೆಯ ಸ್ಥಾನದ ಮಕ್ಕಳ ನಡುವಿನ ಅಂತರ ಬಹುಪಾಲು ಊಟದ ಅಂತರ, ಅಭ್ಯಾಸದ ಅಂತರ. ಕೋಟಿ ಕೋಟಿ ಡಾಲರ್ ಖರ್ಚು ಮಾಡಿ, ಇಪ್ಪತ್ತೆರಡರ ಯುವಕರನ್ನು ಅಳೆದೂ ಸುರಿದೂ ಆರಿಸುವವರೇ ನಾಣ್ಯ ಚಿಮ್ಮಿದಷ್ಟು ನಿಖರರಾಗಿರುವಾಗ ನಮ್ಮ ಆಯ್ಕೆ ಸಮಿತಿಗಳು ಒಂದು ಬೆಳಗಿನ ಓಟದಲ್ಲಿ ಭವಿಷ್ಯವನ್ನು ಕಂಡವರಂತೆ ನಟಿಸಬಾರದು.

ಈ ತಾಲ್ಲೂಕುಗಳಿಂದ ಬಸ್ಸಿನಲ್ಲಿ ಅರ್ಧ ದಿನದ ದಾರಿಯೂ ಅಲ್ಲದ ತೋರಣಗಲ್ಲಿನ ಬಳಿ, ಉಕ್ಕಿನ ಕಾರ್ಖಾನೆಯ ವಿಜಯನಗರ ಉಪನಗರದಲ್ಲಿ, 2018ರಲ್ಲಿ ಆರಂಭವಾದ ಇನ್‌ಸ್ಪೈರ್ ಕ್ರೀಡಾ ಸಂಸ್ಥೆ ಇದೆ. ಬೆಂಗಳೂರು ಎಫ್‌ಸಿಯ ವಸತಿ ಅಕಾಡೆಮಿಗೂ ಆ ಆವರಣ ನೆಲೆ ಕೊಟ್ಟಿತ್ತು. ದೇಶದ ಮೂಲೆಮೂಲೆಗಳಿಂದ ಮಕ್ಕಳು ಅಲ್ಲಿಗೆ ಬಂದು ಕುಸ್ತಿ, ಬಾಕ್ಸಿಂಗ್, ಜೂಡೊ, ಓಟ ಕಲಿತಿದ್ದಾರೆ. ಬಾಗಿಲು ಸಮೀಪದಲ್ಲೇ ಇದೆ; ಅದನ್ನು ತಟ್ಟುವ ಮಗುವನ್ನು ಸಿದ್ಧಪಡಿಸುವ ಕೆಲಸ ಊರಿನ ಶಾಲೆಯದು, ತಾಲ್ಲೂಕಿನದು, ಸರ್ಕಾರದ್ದು. ಅದನ್ನು ಯಾವ ಕಂಪನಿಯೂ ನಮ್ಮ ಪರವಾಗಿ ಮಾಡಿಕೊಡುವುದಿಲ್ಲ.

ತಂಡ ಕಟ್ಟುವವರ ಕ್ರಮ ಸ್ಪಷ್ಟವಾಗಿದೆ. ಮೊದಲು ಇರುವವರ ಲೆಕ್ಕ, ಆಮೇಲೆ ಉಳಿಸಿಕೊಳ್ಳುವ ಯೋಚನೆ, ಆಮೇಲೆ ತೂತು ಮುಚ್ಚುವ ಖರೀದಿ, ಕೊನೆಯಲ್ಲಿ ತಾಳ್ಮೆಯ ಆಯ್ಕೆ. ಮುಂದಿನ ಶೈಕ್ಷಣಿಕ ವರ್ಷದ ಕ್ರೀಡಾ ನಿಲಯಗಳ ಆಯ್ಕೆಗೆ ಮುನ್ನ ವಿಜಯನಗರ ಜಿಲ್ಲಾಡಳಿತ ಈ ಐದು ತಾಲ್ಲೂಕುಗಳಲ್ಲಿ ಮೊದಲ ಲೆಕ್ಕವನ್ನಾದರೂ ಮುಗಿಸಲಿ: ಎಷ್ಟು ಪ್ರೌಢಶಾಲೆಗಳಲ್ಲಿ ದೈಹಿಕ ಶಿಕ್ಷಕರಿದ್ದಾರೆ, ಎಷ್ಟರಲ್ಲಿ ಇಲ್ಲ. ಅದಕ್ಕೆ ವಿಶೇಷ ಅನುದಾನ ಬೇಕಿಲ್ಲ, ಒಂದು ಸುತ್ತೋಲೆ ಸಾಕು.